ಬಾಟಲಿಯ ಜಾತಕ

ಗಾಳೇಶ ಗದ್ದೆಯ ಬದುವಿನ ಮೇಲೆ ಕುಂತದ್ದನ್ನು ಕಂಡಾಗ ಬೀಡಿ ಸೇದಲಿಕ್ಕೆ ಕುಂತಿದ್ದಾನೆ ಅಂದುಕೊಂಡೆ. ಆದರೆ ಔಷಧದ ಪಂಪು ಇನ್ನೂ ಬೆನ್ನ ಮೇಲೆಯೇ ಇತ್ತು. ಬೀಡಿ ಸೇದುವವನು ಮೊದಲು ಪಂಪು ಇಳಿಸುತ್ತಾನೆ. ಇಷ್ಟು ಹೊಳೆಯಲಿಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೋಗಿ ನೋಡಿದರೆ ಬಾಯಿಯ ಜೊಲ್ಲು ಇಳಿದು ಅಂಗಿಯ ಎದೆ ಒದ್ದೆಯಾಗಿತ್ತು. ಕಣ್ಣ ಪಾಪೆ ಸಾಸಿವೆಕಾಳಿನಷ್ಟಾಗಿತ್ತು. ಹೆಸರು ಹಿಡಿದು ಕೂಗಿದೆ. ನನ್ನ ಕಡೆ ನೋಡಿದ, ಆದರೆ ನಾನು ಯಾರೆಂಬುದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಆನೆಗೊಂದಿಯಲ್ಲಿ ಕನಕಪ್ಪನವರ ಗದ್ದೆಗೆ ನಾನು ಇಪ್ಪತ್ತೆರಡು ವರ್ಷದಿಂದ ಕಾವಲಿದ್ದೇನೆ. ಗಾಳೇಶ ಅಲ್ಲಿಗೆ ದಿನಗೂಲಿಯ ಮೇಲೆ ಎಣ್ಣಿ ಹೊಡೆಯಲು ಬರುತ್ತಾನೆ. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತೇವೆ. ಹೆಸರು ಎಷ್ಟು ಮೆತ್ತಗಿದೆಯೋ ಅದು ಅಷ್ಟೇ ಕೆಟ್ಟದ್ದು. ಅವತ್ತು ಹುಬ್ಬಿ ನಕ್ಷತ್ರದ ಮಳೆಗಾಳಿ ಬೆಳಿಗ್ಗೆಯಿಂದ ದಿಕ್ಕು ಬದಲಿಸುತ್ತಿತ್ತು. ಗಾಳಿ ತಿರುಗಿದಾಗ ನಿಲ್ಲಿಸು ಎಂದು ನಾನು ಒಂದು ಸಲ ಹೇಳಿದ್ದೆ. ಎರಡನೆಯ ಸಲ ಹೇಳಲಿಲ್ಲ.

ಕಳೆ ಕೀಳುತ್ತಿದ್ದ ಅವನ ತಾಯಿ ದುರುಗವ್ವ ಓಡಿ ಬಂದಳು. ಇಬ್ಬರೂ ಸೇರಿ ಪಂಪಿನ ಪಟ್ಟಿ ಬಿಚ್ಚಿ, ಅಂಗಿ ತೆಗೆದು, ಮೈಮೇಲೆ ನೀರು ಸುರಿದು ನೆರಳಿಗೆ ಎಳೆದೆವು. ಎಳೆಯುವಾಗ ಬದುವಿನ ಮೇಲಿದ್ದ ಎಣ್ಣಿಯ ಬಾಟಲಿಗೆ ನನ್ನ ಕಾಲು ತಾಗಿತು. ಅದು ಉರುಳಿ ಕಾಲುವೆಗೆ ಬಿತ್ತು. ಖಾಲಿ ಬಾಟಲಿ, ತೇಲುತ್ತ ಹೋಯಿತು. ಹೋದರೆ ಹೋಗಲಿ ಅನ್ನಿಸಿತು ಆ ಗಳಿಗೆಯಲ್ಲಿ.

ಅಂಬುಲೆನ್ಸು ಬಂದು ತಾಯಿ ಮಗ ಇಬ್ಬರನ್ನೂ ಗಂಗಾವತಿಗೆ ಒಯ್ದಿತು. ಅರ್ಧ ತಾಸಿಗೆ ದುರುಗವ್ವನ ಫೋನು ಬಂತು. ಮಾತಾಡಿದವರು ಡಾಕ್ಟರಮ್ಮ. ಎಣ್ಣಿಯ ಹೆಸರೇನು ಎಂದು ಕೇಳಿದರು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ ಎಂದೆ. ಬಾಟಲಿ ತನ್ನಿ ಎಂದರು. ಬಾಟಲಿ ಕಾಲುವೆಯಲ್ಲಿ ಹೋಯಿತು ಎಂದೆ.

"ನೋಡ್ರಿ ಹಿರಿಯಾರ," ಎಂದರು ಅವರು. "ಮೊದಲನೇ ಸೂಜಿ ಹಾಕೀವಿ. ಇನ್ನೊಂದು ಸೂಜಿ ಐತಿ. ಒಂದು ಜಾತಿ ಎಣ್ಣಿಗೆ ಅದನ್ನ ಲಗೂ ಕೊಡಬೇಕು, ಇನ್ನೊಂದು ಜಾತಿಗೆ ಕೊಡಬಾರದು. ಹೊರಗಿನ ಲಕ್ಷಣ ಎರಡಕ್ಕೂ ಒಂದ. ನನಗ ಹೆಸರು ಬೇಕು, ಒಂದ ಹೆಸರು. ತಾಸಿನೊಳಗ."

ಕನಕಪ್ಪನವರಿಗೆ ಫೋನು ಮಾಡಿದೆ. ಹುಣ್ಣಿಮೆಯೆಂದು ಅವರು ಹುಲಿಗಿಗೆ, ಹುಲಿಗೆಮ್ಮನ ದರ್ಶನಕ್ಕೆ ಹೋಗಿದ್ದರು. ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಬೆಳಿಗ್ಗೆ ಹೊರಡುವ ಮುಂಚೆ ಒಂದು ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟು, ಕಪಾಟಿಗೆ ಬೀಗ ಹಾಕಿ, ಕೀಲಿ ಉಡದಾರಕ್ಕೆ ಸಿಕ್ಕಿಸಿಕೊಂಡು ಹೋಗಿದ್ದರು. ಬೀಗ ಒಡೆದರೂ ಒಳಗೆ ಸಿಗುವುದು ಉಳಿದ ಬಾಟಲಿಗಳು. ಹೋದದ್ದು ಯಾವುದು ಎಂದು ಅವು ಹೇಳುವುದಿಲ್ಲ.

ಆಗ ನನ್ನ ನೋಟುಬುಕ್ಕು ನೆನಪಾಯಿತು.

ಆರು ವರ್ಷದ ಹಿಂದೆ ಒಂದೇ ಎಣ್ಣಿಯನ್ನು ಎರಡು ಸಲ ಹೊಡೆದು ಮೂರು ಎಕರೆ ಪೈರು ಸುಟ್ಟುಹೋಗಿತ್ತು. ಮೊದಲು ಹೊಡೆದದ್ದು ಇದೇ ಬಾಟಲಿಯೋ ಬೇರೆಯೋ ಎಂದು ಕನಕಪ್ಪನವರು ಕೇಳಿದಾಗ ನನಗೆ ಹೇಳಲು ಆಗಲಿಲ್ಲ. ಹೆಸರು ಓದಲು ಬಾರದವನು ಏನು ಹೇಳಬೇಕು? ಅವತ್ತಿನಿಂದ ಬಾಟಲಿ ಕೈಗೆ ಬಂದ ಕೂಡಲೇ ಅದರ ಮೇಲಿನ ಕರಿ ಗೀಟುಗಳ ಕೆಳಗೆ ಇರುವ ಹದಿಮೂರು ಅಂಕಿಗಳನ್ನು ನೋಡಿ ಬರೆದಿಡುತ್ತೇನೆ. ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ. ಯಾವ ನಂಬರು ಯಾವ ದಿನ, ಯಾವ ಗದ್ದೆಗೆ, ಎಲ್ಲ ಅದರಲ್ಲಿದೆ. ಗಾಳೇಶ ಇದನ್ನು ಕಂಡಾಗಲೆಲ್ಲ ನಗುತ್ತಿದ್ದ. ಚಾಚಾ ಬಾಟಲಿಗೆ ಜಾತಕ ಬರೆಯುತ್ತಾನೆ, ಇನ್ನು ಕನ್ಯೆ ಹುಡುಕುವುದೊಂದೇ ಬಾಕಿ ಎಂದು ಕೂಲಿಯವರ ಮುಂದೆ ಹೇಳುತ್ತಿದ್ದ. ಅವತ್ತು ಬೆಳಿಗ್ಗೆಯೂ ಹೇಳಿದ್ದ.

ಗುಡಿಸಲಿಗೆ ಹೋಗಿ ಬುಕ್ಕು ತೆಗೆದುಕೊಂಡೆ. ಎಣ್ಣಿ ಮಾರಿದ ಅಂಗಡಿಯ ಫೋನ್ ನಂಬರು ನನ್ನಲ್ಲಿರಲಿಲ್ಲ; ಮಗ ಮಂಜೂರ ಮೋಟಾರ್ ಸೈಕಲ್ಲು ತಂದ, ಗಂಗಾವತಿಗೆ ಹೊರಟೆವು. ಕಡೆಬಾಗಿಲು ಊರು ದಾಟಿದ ಮೇಲೆ ಕಿಸೆ ಮುಟ್ಟಿ ನೋಡಿಕೊಂಡರೆ ಕನ್ನಡಕ ಇರಲಿಲ್ಲ. ಗುಡಿಸಲಿನ ಗೂಟಕ್ಕೆ ತೂಗುಹಾಕಿದ್ದು ಅಲ್ಲೇ ಉಳಿದಿತ್ತು. ತಿರುಗಿ ಹೋಗೋಣವೇ ಎಂದು ಮಂಜೂರ ಕೇಳಿದ. ಬೇಡ, ಓದುವವರು ಅಂಗಡಿಯಲ್ಲಿದ್ದಾರೆ ಎಂದೆ. ನೆನಪಿನಿಂದ ಹೇಳಬಹುದೇನೋ ಎಂದು ದಾರಿಯುದ್ದಕ್ಕೂ ಪ್ರಯತ್ನ ಮಾಡಿದೆ. ಎಂಟು, ಒಂಬತ್ತು, ಸೊನ್ನೆ ಬಂದವು. ಆ ಮೂರು ಎಲ್ಲ ಬಾಟಲಿಗೂ ಒಂದೇ. ಮುಂದಿನದು ಬರಲಿಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ಊರಿಗೆ ಭತ್ತ ತುಂಬಲು ಬರುತ್ತಿದ್ದ ಲಾರಿಗಳ ನಂಬರು ಈಗಲೂ ಹೇಳುತ್ತೇನೆ. ಬೆಳಿಗ್ಗೆ ಬರೆದದ್ದು ನಿಲ್ಲುವುದಿಲ್ಲ.

ಮುಜೀಬನ ಅಂಗಡಿ ಗಂಗಾವತಿಯಲ್ಲಿ, ಕಾಳುಕಡಿ ಮಾರುವ ಗಂಜಿನ ಹತ್ತಿರ. ಗೊಬ್ಬರ, ಬೀಜ, ಎಣ್ಣಿ ಎಲ್ಲ ಕನಕಪ್ಪನವರು ಅವನಲ್ಲೇ ತರುತ್ತಾರೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂಡುವವಳು ಶ್ವೇತಾ ಎಂಬ ಯಲಬುರ್ಗಾ ಕಡೆಯ ಹುಡುಗಿ. ಸಂಗತಿ ಹೇಳಿದೆ. ಮುಜೀಬ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು ನನ್ನ ಕೈಯಿಂದ ಬುಕ್ಕು ತೆಗೆದುಕೊಂಡ. ಅವನು ಓದಿದ, ಅವಳು ಒತ್ತಿದಳು.

"ಎಂಟು, ಒಂಬತ್ತು, ಸೊನ್ನಿ. ಐದು, ಎರಡು, ಒಂದು, ಏಳು. ಸೊನ್ನಿ, ಮೂರು, ಎಂಟು. ಆರು, ಎರಡು, ಒಂದು."

ಕಂಪ್ಯೂಟರು ಅಂಥ ಮಾಲೇ ಇಲ್ಲ ಎಂದಿತು. ಇನ್ನೊಂದು ಸಲ ಒತ್ತಿದಳು. ಮತ್ತೆ ಇಲ್ಲ ಎಂದಿತು. ನಾನು ಗೊಬ್ಬರದ ಚೀಲದ ಮೇಲೆ ಕುಂತೆ.

ಆಗ ಶ್ವೇತಾ ಕನಕಪ್ಪನವರ ಈ ತಿಂಗಳ ಖರೀದಿ ತೆಗೆದಳು. ಒಂದೇ ಕಂಪನಿಯ ಎರಡು ತರದ ಎಣ್ಣಿ ಅದರಲ್ಲಿತ್ತು. ಬಾಟಲಿ, ಬಿರಡೆ, ಬಣ್ಣ ಎಲ್ಲ ಎರಡಕ್ಕೂ ಒಂದೇ. ಹೆಸರು ಬೇರೆ, ಒಳಗಿನ ಜಾತಿ ಬೇರೆ. ಎರಡರ ನಂಬರಿಗೂ ಮೊದಲ ಒಂಬತ್ತು ಅಂಕಿ ಒಂದೇ ಇದ್ದವು, ನನ್ನ ಬುಕ್ಕಿನಲ್ಲಿ ಇದ್ದಂತೆಯೇ. ಆಮೇಲೆ ಒಂದಕ್ಕೆ ಎಂಟು, ಆರು, ಎರಡು, ಒಂಬತ್ತು. ಇನ್ನೊಂದಕ್ಕೆ ನಾಲ್ಕು, ಆರು, ಎರಡು, ಒಂದು.

ಮುಜೀಬ ನಿಟ್ಟುಸಿರು ಬಿಟ್ಟ. ಮೊದಲನೆಯದೇ ಇದು ಎಂದ. ಹನ್ನೆರಡು ಅಂಕಿ ಕೂಡಿವೆ, ಕೊನೆಯದೊಂದು ತಪ್ಪಿದೆ. ವಯಸ್ಸಾದವರ ಕಣ್ಣಿಗೆ ಒಂಬತ್ತು ಒಂದಾಗಿ ಕಂಡಿರುತ್ತದೆ, ಕೊನೆಯ ಅಂಕಿಗೆ ಏನು ಬೆಲೆ ಎಂದ. ನನ್ನ ಫೋನು ತೆಗೆದುಕೊಂಡು ಡಾಕ್ಟರಮ್ಮ ಮಾತಾಡಿದ್ದ ನಂಬರು ಒತ್ತಲು ಶುರುಮಾಡಿದ.

"ಫೋನು ಹಚ್ಚಬ್ಯಾಡ್ರಿ ಸರ್," ಎಂದಳು ಶ್ವೇತಾ.

"ಯಾಕ?"

"ಇನ್ನೊಂದಕ್ಕೂ ಹನ್ನೆರಡು ಕೂಡ್ಯಾವ. ಕಡೀದು ಕೂಡೇತಿ, ನಡುವಿಂದು ತಪ್ಪೇತಿ. ಯಾವುದನ್ನ ನಂಬತೀರಿ?"

ಮುಜೀಬನ ಬೆರಳು ನಿಂತಿತು. ಹಿಂದೆ ಒಬ್ಬ ಗಿರಾಕಿ ಯೂರಿಯಾ ಬಂದಿದೆಯೇ ಎಂದು ಕೇಳಿದ. ಮುಜೀಬ ತಿರುಗಿ ನೋಡದೆ ಕೈಸನ್ನೆಯಲ್ಲೇ ನಿಲ್ಲು ಎಂದ.

ಅವಳು ನನ್ನ ಬುಕ್ಕು ಎಳೆದುಕೊಂಡು ಒಂದು ಹಳೆಯ ರಸೀದಿಯ ಹಿಂದೆ ಹದಿಮೂರು ಅಂಕಿಯನ್ನೂ ದೊಡ್ಡದಾಗಿ ಬರೆದಳು. ಮಾತು ಮುಜೀಬನಿಗಾಗಿದ್ದರೂ ಹೇಳಿದ್ದು ನನ್ನ ಕಡೆ ಮುಖ ಮಾಡಿ.

"ಕಡೀ ಅಂಕಿ ಮಾಲಿಂದಲ್ಲ ಅಜ್ಜಾರ. ಅದು ಮೊದಲಿನ ಹನ್ನೆರಡಕ್ಕ ಕಾವಲು. ಒಂದು, ಮೂರು, ಐದು, ಹಿಂಗ ಒಂದು ಬಿಟ್ಟು ಒಂದು ಮನಿ ಅಂಕಿ ಇದ್ದಂಗ ಕೂಡಸಬೇಕು. ನಡುವ ಉಳಿದವನ್ನ ಕೂಡಿಸಿ ಮೂರು ಪಟ್ಟು ಮಾಡಬೇಕು. ಎರಡೂ ಸೇರಿದ್ರ ತುದಿಗೆ ಸೊನ್ನಿ ಬರಬೇಕು. ಬರಲಿಲ್ಲ ಅಂದ್ರ ಒಳಗ ಏನೋ ಹೊಕ್ಕೇತಿ."

ಎಂಟು, ಸೊನ್ನೆ, ಎರಡು, ಏಳು, ಮೂರು, ಆರು, ಒಂದು: ಇಪ್ಪತ್ತೇಳು ಬಂತು. ಒಂಬತ್ತು, ಐದು, ಒಂದು, ಸೊನ್ನೆ, ಎಂಟು, ಎರಡು: ಇಪ್ಪತ್ತೈದು. ಮೂರು ಪಟ್ಟು ಎಪ್ಪತ್ತೈದು. ಕೂಡಿಸಿದರೆ ನೂರಾ ಎರಡು.

ತುದಿಗೆ ಸೊನ್ನೆ ಇಲ್ಲ. ಓದಿದ ನಂಬರು ತಪ್ಪು ಎಂಬುದು ಗಟ್ಟಿಯಾಯಿತು.

ಕೊನೆಯ ಒಂದರ ಜಾಗಕ್ಕೆ ಒಂಬತ್ತು ಹಾಕಿ ಕೂಡಿಸಿದಳು. ನೂರಾ ಹತ್ತು. ಸೊನ್ನೆ ಬಂತು. ನಾನು ಹೇಳಲಿಲ್ಲವೇ ಎಂದ ಮುಜೀಬ. ಅವಳು ಅದನ್ನು ಹೊಡೆದುಹಾಕಿ, ನಡುವಿನ ಎಂಟರ ಜಾಗಕ್ಕೆ ನಾಲ್ಕು ಹಾಕಿದಳು. ಇಪ್ಪತ್ತೊಂದು, ಮೂರು ಪಟ್ಟು ಅರವತ್ತಮೂರು, ಜೊತೆಗೆ ಇಪ್ಪತ್ತೇಳು. ತೊಂಬತ್ತು. ಅದಕ್ಕೂ ಸೊನ್ನೆ ಬಂತು.

ಅವರಿಬ್ಬರೂ ಆ ರಸೀದಿಯನ್ನು ನೋಡುತ್ತ ನಿಂತರು. ನಾನು ಇಪ್ಪತ್ತೆರಡು ವರ್ಷ ಕಾವಲಿದ್ದವನು; ಇದು ನನಗೆ ಅವರಿಬ್ಬರಿಗಿಂತ ಮೊದಲೇ ತಿಳಿಯಿತು. ಗದ್ದೆಗೆ ಎಮ್ಮೆ ನುಗ್ಗಿದೆ ಎಂದು ಮುರಿದ ಪೈರು ಹೇಳುತ್ತದೆ. ಯಾವ ಬದುವಿನಿಂದ ನುಗ್ಗಿತು ಎಂದು ಹೇಳುವುದಿಲ್ಲ. ಅದಕ್ಕೆ ಹೆಜ್ಜೆ ನೋಡಬೇಕು.

ಅಷ್ಟರಲ್ಲಿ ಡಾಕ್ಟರಮ್ಮನದೇ ಫೋನು ಬಂತು. ಹುಡುಗನ ಉಸಿರಾಟ ಇಳಿಯುತ್ತಿದೆ ಎಂದರು. ಮುಜೀಬ ಎರಡು ಹೆಸರು ಸಿಕ್ಕಿವೆ, ಎರಡನ್ನೂ ಹೇಳುತ್ತೇನೆ ಎಂದ. ಎರಡು ಹೆಸರು ಇದ್ದರೆ ಒಂದೂ ಇಲ್ಲದ ಹಾಗೆ ಎಂದು ಅವರು ಸಿಟ್ಟಿಲ್ಲದೆ ಹೇಳಿದರು. ಹಿಂದೆ ದುರುಗವ್ವನ ದನಿ ಕೇಳಿಸುತ್ತಿತ್ತು. ಅವಳು ಅಳುತ್ತಿರಲಿಲ್ಲ. ಮಗನ ಹೆಸರನ್ನು ಒಂದೇ ಸಮನೆ ಕರೆಯುತ್ತಿದ್ದಳು, ಸಂಜೆ ಊಟಕ್ಕೆ ಕರೆದಂತೆ.

ಇನ್ನು ಹತ್ತು ನಿಮಿಷ ಎಂದು ಡಾಕ್ಟರಮ್ಮ ಫೋನು ಇಟ್ಟರು.

ಮುಜೀಬ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಂತ. ನೆನಪು ಮಾಡಿಕೊಳ್ಳಿ ಚಾಚಾ, ಕೊನೆಯದನ್ನು ತಪ್ಪು ಬರೆದಿರೋ, ನಡುವಿನದನ್ನೋ ಎಂದು ಮೆಲ್ಲಗೆ ಕೇಳಿದ. ನಾನು ಕಣ್ಣು ಮುಚ್ಚಿ ಬೆಳಗಿನ ಬಾಟಲಿಯನ್ನು ನೆನೆದೆ. ಗಾಳೇಶನ ನಗು ನೆನಪಾಯಿತು, ಕನ್ಯೆಯ ಮಾತು ನೆನಪಾಯಿತು. ಅಂಕಿ ನೆನಪಾಗಲಿಲ್ಲ. ಒಂದು ಹೆಸರು ಹೇಳಿಬಿಟ್ಟರೆ ಎಲ್ಲರೂ ನಂಬುತ್ತಿದ್ದರು. ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ.

ಬುಕ್ಕು ಕೊಡು ಎಂದೆ. ಕಣ್ಣಿನ ಹತ್ತಿರ, ದೂರ, ಎಲ್ಲಿ ಹಿಡಿದರೂ ಸಾಲು ಇರುವೆಗಳಂತೆ ಕಲೆಸಿಕೊಳ್ಳುತ್ತಿತ್ತು. ಆದರೆ ನಾನು ಪೆನ್ನು ಒತ್ತಿ ಬರೆಯುವವನು. ಹಾಳೆ ತಿರುವಿ ಹಿಂದಿನಿಂದ ಬೆರಳಾಡಿಸಿದೆ. ಅಂಕಿಗಳು ಉಬ್ಬಿಕೊಂಡು ಬೆರಳಿಗೆ ಸಿಕ್ಕವು. ಒಂದು ತುದಿಯದು ಎರಡು ಗುಂಡು ಗಂಟಾಗಿ ಹತ್ತಿತು. ನಡುವಿನದೊಂದರಲ್ಲಿ ಕೆಳಗೆ ಮಾತ್ರ ಗಂಟು, ಮೇಲೆ ಎರಡು ಬಾಲ.

"ಯವ್ವಾ," ಎಂದೆ ಶ್ವೇತಾಳಿಗೆ. "ಸಾಲಿನ ಮೊದಲನೇ ಎಂಟು ಹೆಂಗ ಐತಿ ಹೇಳು."

"ಎರಡು ಸೊನ್ನಿ ಒಂದರ ಮ್ಯಾಲೊಂದು ಇಟ್ಟಂಗ ಐತ್ರಿ."

"ಹತ್ತನೇ ಮನಿಯಾಗಿಂದು?"

ಅವಳು ಬುಕ್ಕನ್ನು ಬೆಳಕಿಗೆ ಹಿಡಿದಳು. "ಇದು ಹಂಗಿಲ್ಲ. ಒಂದ ಗೀಟಿನಾಗ ಸುತ್ತಿ ಬಂದೇತಿ. ಮ್ಯಾಲಿನ ಬಾಯಿ ಕೂಡೇತೋ ಇಲ್ಲೋ ಅನ್ನಂಗ ಐತಿ."

"ಅದು ಎಂಟಲ್ಲವಾ," ಎಂದೆ. "ಅದು ಕನ್ನಡ ಸಾಲಿ ನಾಲ್ಕು."

ನಾನು ಸಾಲೆಗೆ ಹೋದದ್ದು ಎರಡೇ ವರ್ಷ. ಮಾಸ್ತರು ನನ್ನ ಬೆರಳು ಹಿಡಿದು ಮರಳ ಮೇಲೆ ೧, ೨, ೩, ೪ ತಿದ್ದಿಸಿದ್ದರು. ಇಂಗ್ಲಿಷು ಅಂಕಿ ಕಲಿತದ್ದು ದೊಡ್ಡವನಾದ ಮೇಲೆ, ಲಾರಿಗಳ ಹಿಂದೆ ನಿಂತು. ಎಂಟನ್ನು ಲಾರಿಯಿಂದ ಕಲಿತೆ, ಅದಕ್ಕೇ ಎರಡು ಸೊನ್ನೆ ಇಟ್ಟು ಕಟ್ಟುತ್ತೇನೆ. ನಾಲ್ಕನ್ನು ಮಾತ್ರ ಕೈ ಬಿಡಲಿಲ್ಲ. ಬಾಟಲಿಯ ಮೇಲೆ 4 ಎಂದು ಕಂಡರೂ ಕೈ ೪ ಎಂದು ಬರೆಯುತ್ತದೆ. ಅವಸರದಲ್ಲಿ ಬರೆದರೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ.

ಮುಜೀಬನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ತಪ್ಪಲ್ಲ. ಒಬ್ಬನ ಜೀವ ಅದರ ಮೇಲೆ ನಿಂತಿತ್ತು.

"ಒಂದ ಸಾಲಿನಾಗ ಅರ್ಧ ಇಂಗ್ಲಿಷು, ಅರ್ಧ ಕನ್ನಡ ಯಾರರೆ ಬರೀತಾರೇನ ಚಾಚಾ?"

"ಬರೀಬಾರದಪಾ. ಬರದೀನಿ."

ಅವನು ಶ್ವೇತಾಳ ಮುಖ ನೋಡಿದ. ಅವಳು ಆಗಲೇ ನನ್ನ ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವುತ್ತಿದ್ದಳು. ಅಜ್ಜನ ಮಾತು ನಂಬುವುದೂ ಬೇಡ, ಬಿಡುವುದೂ ಬೇಡ, ಹಳೆಯ ಬಾಟಲಿಗಳನ್ನೇ ಕೇಳೋಣ ಎಂದಳು. ಸುತ್ತುಗೀಟಿನ ಆ ಅಂಕಿ ಇರುವ ಮೂರು ಸಾಲು ಹುಡುಕಿದಳು. ಹೋದ ವರ್ಷದ್ದೊಂದು, ಬೇಸಿಗೆ ಬೆಳೆಯದ್ದೊಂದು, ಹೋದ ತಿಂಗಳದ್ದೊಂದು. ಮೂರೂ ಬೇರೆ ಬೇರೆ ಕಂಪನಿಯವು. ಮೊದಲ ಸಾಲನ್ನು ಅದು ಎಂಟು ಎಂದುಕೊಂಡು ಕೂಡಿಸಿದಳು. ತುದಿಗೆ ಸೊನ್ನೆ ಬರಲಿಲ್ಲ. ನಾಲ್ಕು ಎಂದುಕೊಂಡು ಕೂಡಿಸಿದಳು. ಬಂತು.

ಮುಜೀಬ ಗಡಿಯಾರ ನೋಡಿದ. ನಾನು ನೋಡಲಿಲ್ಲ.

ಎರಡನೆಯ ಸಾಲು. ಎಂಟಕ್ಕೆ ಬರಲಿಲ್ಲ, ನಾಲ್ಕಕ್ಕೆ ಬಂತು.

ಮೂರನೆಯದನ್ನು ಅವಸರದಲ್ಲಿ ಕೂಡಿಸಿದಳು. ನಡುವೆ ಒಂದು ಅಂಕಿ ಬಿಟ್ಟಳು. ಎಂಟೂ ಕೂಡಲಿಲ್ಲ, ನಾಲ್ಕೂ ಕೂಡಲಿಲ್ಲ. ಮುಜೀಬ ಪೆನ್ನಿನ ತುದಿಯಿಂದ ಬಿಟ್ಟ ಅಂಕಿ ತೋರಿಸಿದ. ಅವಳು ಸೆರಗಿನಿಂದ ಬೆರಳ ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಕೂಡಿಸಿದಳು. ನಾಲ್ಕಕ್ಕೆ ಸೊನ್ನೆ ಬಂತು.

"ಮೂರಕ್ಕ ಮೂರೂ ನಾಲ್ಕ ಸರ್," ಎಂದಳು. "ಇವತ್ತಿಂದೂ ನಾಲ್ಕ."

ಮುಜೀಬ ಫೋನು ಹಚ್ಚಿದ. ಈ ಸಲ ಒಂದೇ ಹೆಸರು ಹೇಳಿದ. ಒಂದೊಂದೇ ಇಂಗ್ಲಿಷು ಅಕ್ಷರ ಬಿಡಿಸಿ ಎರಡು ಸಲ ಹೇಳಿದ. ಆ ಕಡೆಯಿಂದ ಡಾಕ್ಟರಮ್ಮ ಖಾತ್ರಿಯೇ ಎಂದು ಕೇಳಿರಬೇಕು. ಅವನು ನನ್ನ ಕಡೆ ನೋಡಿ, ಖಾತ್ರಿ ಎಂದ. ಆ ಹೆಸರು ಎರಡನೆಯ ಸೂಜಿ ಕೊಡಬಾರದ ಜಾತಿಯದು. ಔಷಧದ ಬಟ್ಟಲಲ್ಲಿ ಆ ಸೂಜಿ ಆಗಲೇ ತಯಾರಾಗಿ ಕುಂತಿತ್ತು ಎಂದು ಆಮೇಲೆ ದುರುಗವ್ವ ಹೇಳಿದಳು.

ನಾವು ಆಸ್ಪತ್ರೆಗೆ ಹೋದಾಗ ಗಾಳೇಶನ ಮೂಗಿಗೆ ನಳಿಕೆ ಇತ್ತು. ಬದುಕುತ್ತಾನೆ ಎಂದು ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕನಕಪ್ಪನವರು ಹುಲಿಗೆಮ್ಮನ ಭಂಡಾರ ಹಣೆಯಲ್ಲಿ ಇದ್ದಂತೆಯೇ ಓಡಿ ಬಂದು, ಹದಿನೇಳು ಸಲ ಬಂದ ಫೋನನ್ನು ನನಗೇ ತೋರಿಸುತ್ತ ನಿಂತರು. ದುರುಗವ್ವ ಹೊರಗಿನ ಕಟ್ಟೆಯ ಮೇಲೆ ಕುಂತಿದ್ದಳು. ಪಕ್ಕದಲ್ಲಿ ಕುಂತು, ಬಾಟಲಿ ಕಾಲುವೆಗೆ ಬಿದ್ದದ್ದು ತಾನಾಗಿ ಅಲ್ಲ, ನನ್ನ ಕಾಲು ತಾಗಿ ಎಂದು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಅವಳು ನನ್ನ ಕೈಯಲ್ಲಿದ್ದ ಬುಕ್ಕನ್ನು ನೋಡಿದಳು.

"ಕಾಲು ಒದೀತು, ಕೈ ಹಿಡೀತು," ಎಂದಳು. "ಹೋಗಲಿ ಬಿಡಣ್ಣಾ."

ಗಾಳೇಶ ಮೂರನೆಯ ದಿನ ಮಾತಾಡಿದ. ಐದನೆಯ ದಿನ ನಾನು ಗಂಜಿ ಒಯ್ದಾಗ ದಿಂಬಿಗೆ ಒರಗಿ ಕುಂತಿದ್ದ. ಶ್ವೇತಾ ಬಂದು ನೋಡಿಕೊಂಡು ಹೋಗಿದ್ದಳಂತೆ, ಎಲ್ಲ ಹೇಳಿದ್ದಳಂತೆ. ದನಿ ಇನ್ನೂ ಒಡಕಲಾಗಿತ್ತು.

"ಚಾಚಾ, ನಿನ್ನ ನಾಲ್ಕು ನನ್ನ ಹೊತಗೊಂಡು ಹೊಂಟಿತ್ತಲ್ಲೋ."

"ಅದಕ್ಕ ಜಾತಕ ನೋಡಿಸಿದ್ವಿ," ಎಂದೆ. "ಆಯುಷ್ಯ ಐತಿ ಅಂದ್ರು."

ಅವನು ನಗಲು ಹೋಗಿ ಕೆಮ್ಮಿದ. ಈಗ ಎಣ್ಣಿ ಹೊಡೆಯುವ ಕೆಲಸ ಬಿಟ್ಟಿದ್ದಾನೆ. ಬಾಳೆ ನಾರು ತೆಗೆಯುವ ಕಡೆಗೆ ಹೋಗುತ್ತಾನೆ.

ಶ್ವೇತಾ ಆ ಲೆಕ್ಕವನ್ನು ಒಂದು ರಟ್ಟಿನ ಮೇಲೆ ಬರೆದುಕೊಟ್ಟಿದ್ದಾಳೆ. ಗುಡಿಸಲಿನಲ್ಲಿ ಕನ್ನಡಕದ ಗೂಟದ ಕೆಳಗೇ ಮೊಳೆ ಹೊಡೆದಿದ್ದೇನೆ. ಈಗ ಬಾಟಲಿ ಕೈಗೆ ಬಂದರೆ ನಂಬರು ಬರೆದುಕೊಂಡು, ಬೆರಳ ಗೆಣ್ಣು ಎಣಿಸಿ, ಒಂದು ಬಿಟ್ಟು ಒಂದು ಕೂಡಿಸಿ, ಮೂರು ಪಟ್ಟು ಮಾಡಿ ನೋಡುತ್ತೇನೆ. ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯುತ್ತದೆ. ಹೊಸದಾಗಿ ಎಣ್ಣಿ ಹೊಡೆಯಲು ಬರುವ ರೆಹಮಾನ ಪಂಪು ಹೊತ್ತು ನಿಂತು, ಆಯಿತೇ, ಆಯಿತೇ ಎಂದು ಕೇಳುತ್ತಾನೆ. ತುದಿಗೆ ಸೊನ್ನೆ ಬಂದ ಮೇಲೆಯೇ ಬಾಟಲಿ ಕೊಡುತ್ತೇನೆ.

ನಾಲ್ಕನ್ನು 4 ಎಂದು ಬರೆಯಲು ಒಂದು ವಾರ ರೂಢಿ ಮಾಡಿದೆ. ಕೈ ಒಪ್ಪಲಿಲ್ಲ. ಎಪ್ಪತ್ತರ ಕೈ, ಹೊಡೆದು ಕಲಿಸಲು ಮಾಸ್ತರೂ ಇಲ್ಲ. ೪ ಎಂದೇ ಬರೆಯುತ್ತೇನೆ. ಆದರೆ ಈಗ ಅದರ ಬಾಯಿಯನ್ನು ಅಗಲ ಬಿಡುತ್ತೇನೆ, ಯಾರು ಓದಿದರೂ ಮುಚ್ಚಿದೆ ಎನ್ನದಷ್ಟು.